ಗೋಡೆಯಾಚೆಯ ಐದನೇ ಸೆಟ್

ದುಬೈಯ ಒಂದು ಶಾಲೆಯ ಹಿಂದಿನ ಸಿಮೆಂಟ್ ಅಂಗಳದಲ್ಲಿ ಎರಡು ಸೆಟ್ ಅವರಿಗೆ, ಎರಡು ಸೆಟ್ ಇವರಿಗೆ ಎಂದಾಗಿದ್ದ ಹೊತ್ತಿಗೆ ಒಂದು ವಾಲಿಬಾಲ್ ಫೈನಲ್ ನಿಂತುಹೋಯಿತು. ಅದು 2020ರ ಮಾರ್ಚ್ ತಿಂಗಳ ಒಂದು ಶುಕ್ರವಾರ, ಅಲ್ಲಿಯ ವಾರದ ರಜೆಯ ದಿನ. ಆಟಗಾರರು ನೀರು ಕುಡಿದು, ಅಂಗೈಯನ್ನು ಚಡ್ಡಿಗೆ ಒರೆಸಿಕೊಂಡು, ಐದನೇ ಸೆಟ್ಟಿಗೆ ತಯಾರಾಗಿ ನಿಂತಿದ್ದರು. ಶಾಲೆಯ ಕಾವಲುಗಾರ ಬಂದು ರೆಫರಿ ಮುಹಿಯುದ್ದೀನ್ ಅವರ ಕಿವಿಯಲ್ಲಿ ಏನೋ ಹೇಳಿದ. ಮುಹಿಯುದ್ದೀನ್ ಸೀಟಿ ಊದಲಿಲ್ಲ. ಚೆಂಡನ್ನು ಕಂಕುಳಲ್ಲಿ ಇರುಕಿಕೊಂಡು, “ಖಲಾಸ್. ಶಾಲೆ ಮುಚ್ಚಬೇಕಂತೆ. ಎಲ್ಲರೂ ಮನೆಗೆ ಹೋಗಿ” ಎಂದರು.

ಪ್ಲಾಸ್ಟಿಕ್ ಕುರ್ಚಿಗಳ ಮೊದಲ ಸಾಲಿನಲ್ಲಿ ಕುಳಿತಿದ್ದ ಅಪೊಲೊನಿಯಾ ಮಾತ್ರ ಏಳಲಿಲ್ಲ. “ಹದಿನೈದು ಪಾಯಿಂಟ್ ಅಲ್ವಾ ಮುಹಿಯುದ್ದೀನ್? ಬಿರಿಯಾನಿ ತಿನ್ನುವ ಹೊತ್ತಿನಲ್ಲಿ ಮುಗೀತದೆ” ಎಂದು ಕೂಗಿದರು. ಆ ಕೂಗಿಗೆ ಎರಡೂ ಕಡೆಯವರು ನಕ್ಕರು. ಮುಂದಿನ ವಾರ ಆಡುವ ಎಂದು ಯಾರೋ ಹೇಳಿದರು. ಬಲೆಯನ್ನು ಬಿಚ್ಚಿ ಸುತ್ತಿಟ್ಟರು. ಆ ಮುಂದಿನ ವಾರ ಬರಲು ಎಂಟು ತಿಂಗಳು ಹಿಡಿಯಿತು.

ಕರಾವಳಿಯಿಂದ ದುಬೈಗೆ ಬಂದ ವಾಲಿಬಾಲ್ ಹುಚ್ಚರಲ್ಲಿ ಅಪೊಲೊನಿಯಾ ಅವರ ದನಿ ಗೊತ್ತಿಲ್ಲದವರು ಕಡಿಮೆ. ಉಡುಪಿಯ ಹತ್ತಿರದ ಪಾಂಬೂರಿನವರು. ಹುಡುಗಿಯಾಗಿದ್ದಾಗ ಚರ್ಚಿನ ಅಂಗಳದಲ್ಲಿ ಗಂಡುಹುಡುಗರು ಹೊಡೆದ ಚೆಂಡು ಗದ್ದೆಗೆ ಬಿದ್ದರೆ ತಂದುಕೊಡುವುದು ಅವರ ಕೆಲಸವಾಗಿತ್ತು. ಕೊಡುವ ಮೊದಲು ಒಂದು ಸರ್ವೀಸ್ ಹೊಡೆಯಲು ಬಿಡಬೇಕು ಎಂಬುದು ಅವರ ಷರತ್ತು. ದುಬೈಗೆ ಬಂದು ಒಂದು ಖಾಸಗಿ ಆಸ್ಪತ್ರೆಯ ಬಟ್ಟೆ ವಿಭಾಗ ಸೇರಿದರು. ಹಾಸಿಗೆಯ ಹೊದಿಕೆ, ರೋಗಿಗಳ ಗೌನು, ಡಾಕ್ಟರರ ಹಸಿರು ಬಟ್ಟೆ, ಇವೆಲ್ಲ ಒಗೆದು ಬಂದ ಮೇಲೆ ಮಡಚಿ, ವಾರ್ಡುಗಳಿಗೆ ಹಂಚುವ ಜಾಗ ಅದು. ಅಲ್ಲೇ ಆಂಬುಲೆನ್ಸ್ ಓಡಿಸುತ್ತಿದ್ದ ರುಡೊಲ್ಫ್ ಪರಿಚಯವಾದರು, ಮದುವೆಯಾಯಿತು. ರುಡೊಲ್ಫ್ ಕಟ್ಟಿದ ತಂಡವೇ ಕೋಸ್ಟಲ್ ಫ್ರೆಂಡ್ಸ್. ಅವರು ತೀರಿಕೊಂಡ ಮೇಲೆ ತಂಡ ಒಡೆಯುತ್ತದೆ ಎಂದು ಎಲ್ಲರೂ ಅಂದುಕೊಂಡಿದ್ದರು. ಚರ್ಚಿನಲ್ಲಿ ಅವರ ತಿಂಗಳ ಪೂಜೆ ಮುಗಿದ ಶುಕ್ರವಾರವೇ ಅಪೊಲೊನಿಯಾ ಜರ್ಸಿಗಳ ಚೀಲ ಹೊತ್ತುಕೊಂಡು ಅಂಗಳಕ್ಕೆ ಬಂದರು. ಆಸ್ಪತ್ರೆಯ ಬಟ್ಟೆಯ ಹಾಗೆಯೇ ಮೂಲೆಗೆ ಮೂಲೆ ಸೇರಿಸಿ ಮಡಚಿದ ಜರ್ಸಿಗಳು. ಅಲ್ಲಿಂದ ಮುಂದೆ ತಂಡದ ಮ್ಯಾನೇಜರ್, ಅಡುಗೆಯವರು, ಗ್ಯಾಲರಿ ಎಲ್ಲವೂ ಅವರೇ.

ಹೊನ್ನಪ್ಪನನ್ನು ತಂಡಕ್ಕೆ ತಂದವರೂ ಅವರೇ. ಬಾಗಲಕೋಟೆ ಕಡೆಯ ಹುಡುಗ, ಎಸಿ ಕೊಳವೆ ಜೋಡಿಸುವ ಕೆಲಸ. ಆಸ್ಪತ್ರೆಯ ಬಟ್ಟೆ ಕೋಣೆಯ ಎಸಿ ಕೆಟ್ಟಾಗ ಏಣಿ ಹತ್ತಿ ರಿಪೇರಿ ಮಾಡುತ್ತಿದ್ದವನು, ಕೆಳಗೆ ಅಪೊಲೊನಿಯಾ ಮೊಬೈಲಿನಲ್ಲಿ ವಾಲಿಬಾಲ್ ನೋಡುತ್ತಿರುವುದನ್ನು ಕಂಡು, “ಆ ಲಿಫ್ಟರ್ ಕೈ ಭಾಳ ಬಿರುಸೈತ್ರಿ ಅಕ್ಕಾರ” ಎಂದ. ಹೊಡೆಯುವವನಿಗೆ ಚೆಂಡನ್ನು ಎತ್ತಿಕೊಡುವವನು ಲಿಫ್ಟರ್. ಆ ಮಾತು ಕೇಳಿಯೇ ಅಪೊಲೊನಿಯಾ ಅವನನ್ನು ಶುಕ್ರವಾರ ಬರಹೇಳಿದರು. ಒಳ್ಳೆಯ ಲಿಫ್ಟರನ ಬೆರಳಲ್ಲಿ ಚೆಂಡು ಸದ್ದು ಮಾಡುವುದಿಲ್ಲ ಎಂದು ರುಡೊಲ್ಫ್ ಹೇಳುತ್ತಿದ್ದರಂತೆ. ಹೊನ್ನಪ್ಪ ಮೊದಲ ದಿನ ಎತ್ತಿದ ಚೆಂಡು ಸದ್ದು ಮಾಡಲಿಲ್ಲ. ಅಂದಿನಿಂದ ಪ್ರತಿ ಬಿಗಿಯಾದ ಪಾಯಿಂಟಿಗೆ ಮೊದಲು ಕುರ್ಚಿಯ ಸಾಲಿನಿಂದ ಒಂದು ಕೂಗು ಬರುತ್ತಿತ್ತು: “ಎತ್ತು ಹೊನ್ನಪ್ಪಾ!”

ಕೋಸ್ಟಲ್ ಫ್ರೆಂಡ್ಸ್ ಒಮ್ಮೆಯೂ ಕಪ್ ಗೆದ್ದಿರಲಿಲ್ಲ. ಆ ಮಾರ್ಚಿನಲ್ಲಿ ಮೊದಲ ಸಲ ಅಷ್ಟು ಹತ್ತಿರ ಬಂದಿದ್ದರು. ಡಿಸೆಂಬರಿಗೆ ಅಪೊಲೊನಿಯಾ ನಿವೃತ್ತರಾಗಿ, ವೀಸಾ ಮುಗಿಸಿ, ಊರಿಗೆ ಹೋಗಿಬಿಡುವವರು. ಹೋಗುವ ಮೊದಲು ಆ ಐದನೇ ಸೆಟ್ಟನ್ನು ಕಣ್ಣಾರೆ ನೋಡಬೇಕು ಎಂಬುದನ್ನು ಅವರು ಯಾರಿಂದಲೂ ಮುಚ್ಚಿಡಲಿಲ್ಲ. ಆಸ್ಪತ್ರೆಯ ನರ್ಸುಗಳಿಗೆ ಗೊತ್ತಿತ್ತು, ಕಟ್ಟಡದ ವಾಚ್‌ಮನ್‌ಗೆ ಗೊತ್ತಿತ್ತು, ಫೋನಿನಲ್ಲಿ ಊರಿನ ಪಾದ್ರಿಗೂ ಹೇಳಿ ಪ್ರಾರ್ಥನೆ ಮಾಡಿಸಿದ್ದರು.

ಆ ಬೇಸಿಗೆಯಲ್ಲಿ ಬಟ್ಟೆ ಕೋಣೆಗೆ ಬಿಡುವು ಇರಲಿಲ್ಲ. ಗೌನುಗಳ ರಾಶಿ ಮುಗಿಯುವ ಮೊದಲೇ ಇನ್ನೊಂದು ರಾಶಿ ಬರುತ್ತಿತ್ತು. ಜೊತೆಯವಳಿಗೆ ಸೋಂಕು ತಗುಲಿದಾಗ ಅಪೊಲೊನಿಯಾ ಅವರನ್ನೂ ಆಸ್ಪತ್ರೆಯವರು ಒಂದು ಹೋಟೆಲಿನ ಕೋಣೆಯಲ್ಲಿ ಒಂಟಿಯಾಗಿ ಇರಿಸಿದರು. ಊಟವನ್ನು ಬಾಗಿಲ ಹೊರಗೆ ಇಟ್ಟು, ಬಡಿದು, ಓಡಿಹೋಗುತ್ತಿದ್ದರು. “ಜೈಲಿನಲ್ಲಾದರೂ ಮುಖ ತೋರಿಸ್ತಾರೆ” ಎಂದು ಅವರು ವಾಯ್ಸ್ ಮೆಸೇಜ್ ಕಳಿಸಿದ್ದರು. ದುಬೈಯಲ್ಲಿ ವಾಟ್ಸಾಪ್ ಕರೆ ನಡೆಯುವುದಿಲ್ಲ. ಹಾಗಾಗಿ ಸುಖದುಃಖವೂ ಜಗಳವೂ ವಾಯ್ಸ್ ಮೆಸೇಜಿನಲ್ಲೇ. ಎರಡೂ ತಂಡಗಳ ಅಭಿಮಾನಿಗಳ ವಾಟ್ಸಾಪ್ ಗುಂಪಿಗೆ ‘ಗ್ಯಾಲರಿ’ ಎಂದೇ ಹೆಸರು. ಒಬ್ಬನ ಮಾತು ಕೇಳಿ ಮುಗಿಸುವಷ್ಟರಲ್ಲಿ ಮೂರು ಜನ ಅದಕ್ಕೆ ಉತ್ತರ ಕಳಿಸಿರುತ್ತಿದ್ದರು. ಯಾವ ಉತ್ತರ ಯಾವ ಮಾತಿಗೆ ಎಂಬುದು ಕಳಿಸಿದವರಿಗೂ ಮರೆತುಹೋಗಿರುತ್ತಿತ್ತು.

ಇದಕ್ಕೆ ಬೇಸತ್ತು ಹೊರಗೆ ಸೇರುವ ಉಪಾಯ ಹುಡುಕಿದವನು ಫ್ಲಾಯ್ಡ್. ಎದುರಾಳಿ ತಂಡವಾದ ಬಂದರ್ ಬಾಯ್ಸ್‌ನ ಕಟ್ಟಾ ಅಭಿಮಾನಿ. ಅಂಗಡಿಗಳಿಗೆ ನಾಮಫಲಕ ಮಾಡಿಕೊಡುವ ಸಣ್ಣ ವರ್ಕ್‌ಶಾಪು ಅವನದು. ಇಂಟರ್‌ನ್ಯಾಷನಲ್ ಸಿಟಿ ಎಂಬ ಬಡಾವಣೆಯ ಕಟ್ಟಡಗಳ ಹಿಂದೆ ಒಂದು ಮಣ್ಣಿನ ಪಾರ್ಕಿಂಗ್ ಇದೆ. ಶುಕ್ರವಾರ ಸಂಜೆ ಅವರವರ ಕಾರಿನಲ್ಲಿ ಅವರವರ ಮನೆಯವರೊಂದಿಗೆ ಬರುವುದು, ಕಾರಿನಿಂದ ಇಳಿಯುವ ಹಾಗಿಲ್ಲ, ಮಾಸ್ಕ್ ತೆಗೆಯುವ ಹಾಗಿಲ್ಲ, ಗಾಜು ಇಳಿಸಿ ಮಾತಾಡುವುದು. ಎದುರುಬದುರಾಗಿ ಎರಡು ಸಾಲು ಕಾರು, ನಡುವೆ ಒಂದು ವಾಲಿಬಾಲ್ ಅಂಗಳದಷ್ಟು ಖಾಲಿ ಜಾಗ. ಅಷ್ಟು ದೂರ ದನಿ ಮುಟ್ಟಿಸಬೇಕಾದ್ದರಿಂದ ಎಲ್ಲರೂ ಕೂಗಿಯೇ ಮಾತಾಡುತ್ತಿದ್ದರು. ಅಪೊಲೊನಿಯಾ ಅವರಿಗೆ ಅದೇನೂ ಹೊಸದಲ್ಲ.

ಕಾರು ಅವರದಲ್ಲ, ಸ್ಟೇಸಿಯದು. ಸ್ಟೇಸಿ ಅವರ ತಂಗಿಯ ಮಗಳು. ಅಪ್ಪ ಅಮ್ಮ ಅಬುಧಾಬಿಯ ಖಲೀಫಾ ಸಿಟಿಯಲ್ಲಿದ್ದರೆ, ಕೆಲಸದ ಸಲುವಾಗಿ ದುಬೈಯಲ್ಲಿ ದೊಡ್ಡಮ್ಮನ ಫ್ಲ್ಯಾಟಿನಲ್ಲಿದ್ದಳು. ಇಲ್ಲೇ ಹುಟ್ಟಿದವಳು. ಕೊಂಕಣಿಯಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಹೇಳುವವಳು. ಮಣ್ಣಿನ ಪಾರ್ಕಿಂಗಿನಲ್ಲಿ ಮಾತ್ರ ಕನ್ನಡ, ಏಕೆಂದರೆ ಕೊಂಕಣಿಯವರು, ತುಳುವಿನವರು, ಬ್ಯಾರಿಗಳು, ಹೊನ್ನಪ್ಪನಂತಹ ಬಡಗಣದವರು ಎಲ್ಲರೂ ಒಟ್ಟಾಗಿ ಜಗಳವಾಡಲು ಇನ್ನೊಂದು ಭಾಷೆ ಇರಲಿಲ್ಲ.

ಮೊದಮೊದಲು ಜಗಳ ದೂರದ್ದಾಗಿತ್ತು. ಅಮೆರಿಕದಲ್ಲಿ ಪೊಲೀಸರು ಕಪ್ಪುವರ್ಣೀಯನೊಬ್ಬನನ್ನು ಕೊಂದರೆಂದು ಜನ ಬೀದಿಗಿಳಿದಿದ್ದರು. ಅಲ್ಲಿಯ ಬಾಸ್ಕೆಟ್‌ಬಾಲ್ ಆಟಗಾರರು ಅದೇ ಸಿಟ್ಟಿನಲ್ಲಿ ಒಂದು ದಿನ ಪಂದ್ಯಕ್ಕೇ ಇಳಿಯಲಿಲ್ಲ ಎಂಬ ಸುದ್ದಿ ಬಂದಿತ್ತು.

“ಆಟಗಾರನಿಗೆ ಬೀದಿ ಯಾಕೆ ಮಾರಾಯ್ತಿ?” ಎಂದು ಫ್ಲಾಯ್ಡ್ ತನ್ನ ಪಿಕಪ್‌ನ ಎತ್ತರದ ಸೀಟಿನಿಂದ ಕೂಗಿದ. “ಆಟ ಆಡ್ಲಿಕ್ಕೆ ಬಂದವ ಆಟ ಆಡ್ಬೇಕು. ಜನರಿಗೆ ಇರುವುದು ಅದೊಂದೇ ಸಂತೋಷ. ಅದನ್ನೂ ನಿಲ್ಲಿಸಿದರೆ?”

“ಆದ್ರೆ ಅಂಕಲ್, ದೇ ಆರ್ ಆಲ್ಸೋ ಪೀಪಲ್,” ಎಂದಳು ಸ್ಟೇಸಿ. “ಜರ್ಸಿ ತೆಗೆದ್ರೆ ಅವರೂ ಅದೇ ಬೀದಿಯಲ್ಲಿ ಹೋಗ್ಬೇಕಲ್ವಾ?”

“ನಿನಗೆ ಬೀದಿ ಅಂದ್ರೆ ಎಂತ ಗೊತ್ತು? ಬೀದಿ ದಾಟ್ಲಿಕ್ಕೂ ಕಾರು ಬೇಕು ನಿನಗೆ.”

“ಅವಳು ಕಾರು ಬಿಟ್ಟದ್ದಕ್ಕೆ ನಾನು ಬಂದದ್ದು,” ಎಂದು ಅಪೊಲೊನಿಯಾ ನಡುವೆ ಬಾಯಿ ಹಾಕಿದರು. “ಫ್ಲಾಯ್ಡ್, ನೀನು ಊರಲ್ಲಿ ಬಸ್ ನಿಲ್ಲಿಸ್ಲಿಲ್ಲ ಅಂತ ರಸ್ತೆಗೆ ಅಡ್ಡ ಮಲಗಿದವ ಅಲ್ವಾ?”

“ಅದು ಬೇರೆ, ಬಾಯಿ,” ಎಂದ ಫ್ಲಾಯ್ಡ್. ಕೊಂಕಣಿಯವರಿಗೆ ಹಿರಿಯಕ್ಕನೆಂದರೆ ಬಾಯಿ. “ನಾನು ಆಗ ಕಾಲೇಜು.”

“ಬಸ್ಸು ನಿಲ್ಲಿಸಿದ್ರಾ ಇಲ್ವಾ?”

“ನಿಲ್ಲಿಸಿದ್ರು,” ಎಂದು ಫ್ಲಾಯ್ಡ್ ಒಪ್ಪಿಕೊಳ್ಳಬೇಕಾಯಿತು. ಎರಡೂ ಸಾಲುಗಳಿಂದ ಹಾರ್ನ್ ಕೇಳಿಸಿತು. ಆ ಸಂಜೆಯಿಂದ ಅದೊಂದು ಪದ್ಧತಿಯಾಯಿತು: ಮಾತು ಒಪ್ಪಿಗೆಯಾದರೆ ಒಂದು ಹಾರ್ನ್, ಇಲ್ಲದಿದ್ದರೆ ಎರಡು.

ಅಕ್ಟೋಬರಿನಲ್ಲಿ ಜಗಳ ಮನೆಯ ಬಾಗಿಲಿಗೆ ಬಂತು. ಲೀಗಿನ ಕಾರ್ಯದರ್ಶಿ ನೆಲ್ಸನ್ ಗುಂಪಿಗೆ ಮೆಸೇಜ್ ಹಾಕಿದ. ಆಟಕ್ಕೆ ಅನುಮತಿ ಸಿಗುತ್ತಿದೆ, ನವೆಂಬರಿನಲ್ಲಿ ಬಾಕಿ ಇರುವ ಐದನೇ ಸೆಟ್, ಆ ಮೇಲೆ ಹೊಸ ಲೀಗ್. ಗ್ಯಾಲರಿಗೆ ಪ್ರವೇಶ ಉಂಟು, ಕುರ್ಚಿ ದೂರ ದೂರ. ಬಾರದ ಆಟಗಾರನ ಜಾಗಕ್ಕೆ ತಂಡ ಬೇರೆಯವರನ್ನು ತೆಗೆದುಕೊಳ್ಳಬಹುದು. ಅಪೊಲೊನಿಯಾ ಆ ಮೆಸೇಜನ್ನು ಬಟ್ಟೆ ಕೋಣೆಯಲ್ಲಿ ಎಲ್ಲರಿಗೂ ಓದಿಹೇಳಿದರು. ಸಂಜೆ ಮನೆಗೆ ಬಂದು ಜರ್ಸಿಗಳನ್ನು ಇನ್ನೊಮ್ಮೆ ಒಗೆದರು. ಏಳು ತಿಂಗಳು ಯಾರೂ ತೊಡದ ಜರ್ಸಿಗಳು.

ಮರುದಿನ ಎರಡೂ ತಂಡಗಳ ಆಟಗಾರರ ಪರವಾಗಿ ಹೊನ್ನಪ್ಪ ನೆಲ್ಸನ್‌ಗೆ ಗುಂಪಿನಲ್ಲೇ ವಾಯ್ಸ್ ಮೆಸೇಜಿನ ಉತ್ತರ ಕಳಿಸಿದ. ಆಟಕ್ಕೆ ಮೊದಲು ಎಲ್ಲರಿಗೂ ಪರೀಕ್ಷೆ ಆಗಬೇಕು. ಆಟದಿಂದಾಗಿ ಯಾರನ್ನಾದರೂ ಕ್ವಾರಂಟೈನ್ ಮಾಡಿದರೆ ಕಮಿಟಿಯೇ ಅವನ ಕಂಪನಿಯ ಜೊತೆ ಮಾತಾಡಬೇಕು, ಅವನಿಗೆ ಇರಲು ಬೇರೆ ಕೋಣೆ ನೋಡಬೇಕು. ಬರಲಾರೆ ಎಂದವನ ಜಾಗ ಕಳೆಯಬಾರದು. ಕೊನೆಯದು, ಅಂಗಳದ ಒಳಗೆ ಪ್ರೇಕ್ಷಕರು ಬೇಡ. ಇಷ್ಟು ಆಗದಿದ್ದರೆ ಯಾರೂ ಆಡುವುದಿಲ್ಲ.

ಅಪೊಲೊನಿಯಾ ಆ ಸಂದೇಶವನ್ನು ಎರಡು ಸಲ ಕೇಳಿದರು. ಆಮೇಲೆ ಹೊನ್ನಪ್ಪನ ನಂಬರಿಗೇ ನೇರವಾಗಿ ಫೋನ್ ಮಾಡಿದರು. ಆ ದಿನ ಅವರ ಮಾತು ಒಳ್ಳೆಯದಿರಲಿಲ್ಲ.

“ಎಂತದು ಹೊನ್ನಪ್ಪ ಇದು? ನೀನೂ ಯೂನಿಯನ್ ಲೀಡರ್ ಆದಿಯಾ? ನಾನು ಇಡೀ ವರ್ಷ ಆಸ್ಪತ್ರೆಯ ಬಟ್ಟೆ ಮುಟ್ಟಿದ್ದೇನೆ. ನನಗೂ ಕ್ವಾರಂಟೈನ್ ಆಯ್ತು, ಹೊರಗೆ ಬಂದೆ, ಮತ್ತೆ ಕೆಲಸಕ್ಕೆ ಹೋದೆ. ನಿನಗೆ ಹದಿನೈದು ಪಾಯಿಂಟ್ ಆಡ್ಲಿಕ್ಕೆ ಇಷ್ಟು ಷರತ್ತಾ?”

ಅತ್ತ ಹೊನ್ನಪ್ಪನ ಹಿಂದೆ ಯಾರೋ ಟಿವಿ ಹಚ್ಚಿದ್ದರು, ಇನ್ಯಾರೋ ಕುಕ್ಕರ್ ಇಳಿಸುತ್ತಿದ್ದರು.

“ನಿಮಗ ಕ್ವಾರಂಟೈನ್ ಆದಾಗ ರೂಮಿಗೆ ಬಾಗಲಾ ಇತ್ತರಿ ಅಕ್ಕಾರ,” ಎಂದ ಹೊನ್ನಪ್ಪ. “ನನಗ ಬಾಗಲಾ ಇಲ್ಲ. ಒಂದ್ ರೂಮಿನ್ಯಾಗ ಎಂಟ್ ಮಂದಿ ಇದೀವಿ. ನಾ ಕೆಮ್ಮಿದ್ರ ಎಂಟೂ ಮಂದಿ ಕೆಲಸ ಬಿಟ್ಟು ಕುಂದರಬೇಕು. ಆ ಏಳು ಮಂದಿ ವಾಲಿಬಾಲ್ ಆಡಂಗಿಲ್ರಿ. ಅವರಿಗೆ ನಾ ಏನ್ ಹೇಳ್ಲಿ? ಐದನೇ ಸೆಟ್ ಬಾಕಿ ಇತ್ತು ಅಂತ ಹೇಳ್ಲಿ?”

ಅಪೊಲೊನಿಯಾ ಫೋನ್ ಇಟ್ಟರು. ಹೋಟೆಲಿನ ಆ ಕೋಣೆಯನ್ನು ಜೈಲು ಎಂದು ಊರೆಲ್ಲ ಹೇಳಿಕೊಂಡು ತಿರುಗಿದ್ದರು. ಆ ರಾತ್ರಿಯ ಊಟದ ಹೊತ್ತಿಗೆ ಸ್ಟೇಸಿಗೆ ಅವರು ಹೇಳಿದ್ದು ಇಷ್ಟೇ: “ಬಾಗಿಲು ಬಡಿದು ಓಡಿಹೋಗ್ತಿದ್ರು ಅಂತ ನನಗೆ ಕೋಪ ಇತ್ತು. ಬಡಿಯಲಿಕ್ಕೆ ಬಾಗಿಲು ಇತ್ತಲ್ಲ, ಅದು ನನ್ನ ತಲೆಗೆ ಹೋಗ್ಲೇ ಇಲ್ಲ.”

“ಹಾಗಾದ್ರೆ ಫ್ರೈಡೇ ಯಾರ ಸೈಡ್ ಮಾವ್ಶಿ?” ಎಂದು ಸ್ಟೇಸಿ ಕೇಳಿದಳು. “ಅವರ ಡಿಮ್ಯಾಂಡ್ ಪಾಸಾದ್ರೆ ನೋ ಸ್ಪೆಕ್ಟೇಟರ್ಸ್. ಯು ವೋಂಟ್ ಸೀ ಇಟ್.”

“ಗೊತ್ತುಂಟು. ನನಗೆ ಇಂಗ್ಲಿಷ್ ಅಷ್ಟಾದರೂ ಅರ್ಥ ಆಗ್ತದೆ,” ಎಂದು ಅಪೊಲೊನಿಯಾ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

ಆ ಶುಕ್ರವಾರ ಪಾರ್ಕಿಂಗಿನಲ್ಲಿ ಎಂದಿಗಿಂತ ಹೆಚ್ಚು ಕಾರುಗಳಿದ್ದವು. ನೆಲ್ಸನ್‌ನದು ಎರಡು ಸಾಲುಗಳ ನಡುವೆ, ರೆಫರಿಯ ಜಾಗದಲ್ಲಿ. ಅಭಿಮಾನಿಗಳು ಬೆನ್ನಿಗಿಲ್ಲದೆ ಷರತ್ತು ಒಪ್ಪಿದರೆ ನಾಳೆ ಲೀಗಿನ ಕೈ ಯಾರೂ ಹಿಡಿಯುವುದಿಲ್ಲ ಎಂಬ ಭಯ ಅವನಿಗೆ. ಹಾಗಾಗಿ ತೀರ್ಮಾನವನ್ನು ಗ್ಯಾಲರಿಗೇ ಬಿಟ್ಟಿದ್ದ. ಆಟಗಾರರ ಪರವಾಗಿ ಹೊನ್ನಪ್ಪ ಯಾರದೋ ಕಾರಿನ ಹಿಂದಿನ ಸೀಟಿನಲ್ಲಿ ಒಬ್ಬನೇ ಕುಳಿತಿದ್ದ.

ಫ್ಲಾಯ್ಡ್ ಮೊದಲು ಶುರುಮಾಡಿದ. “ಇದೆಲ್ಲ ಟಿವಿ ನೋಡಿ ಕಲಿತದ್ದು. ಅಲ್ಲಿ ಆಟ ನಿಲ್ಲಿಸಿದ್ರು, ಇಲ್ಲಿ ನಾವೂ ನಿಲ್ಲಿಸುವ ಅಂತ. ಅವರು ಕೋಟಿಗಟ್ಟಲೆ ದುಡಿಯುವ ಆಟಗಾರರು. ನಮ್ಮದು ಶುಕ್ರವಾರದ ಆಟ. ಇದಕ್ಕೂ ಮಾತುಕತೆ, ಕರಾರು ಅಂತ ಕುಳಿತರೆ ಆಟ ಎಲ್ಲುಂಟು? ಪ್ರೇಕ್ಷಕ ಬೇಡ ಅಂತಾರೆ. ಏಳು ತಿಂಗಳು ಕಾದದ್ದು ಯಾರು? ನಾವು.”

ಅವನ ಮಾತಿಗೆ ಒಂಟಿ ಹಾರ್ನ್‌ಗಳು ಸಾಕಷ್ಟು ಬಂದವು.

“ಫ್ಲಾಯ್ಡಣ್ಣ, ನಾ ಆಡಾಕ ಒಲ್ಲೆ ಅಂದಿಲ್ರಿ,” ಎಂದ ಹೊನ್ನಪ್ಪ. “ಕೋಟಿ ಇದ್ದಾಂವಗ ಷರತ್ತು ಇಲ್ದಿದ್ರೂ ನಡೀತೈತಿ. ಇಲ್ದಾಂವಗ ಬೇಕಾಗತೈತಿ.”

“ಮಾತು ಚಂದ ಆಡ್ತಿ. ಚೆಂಡು ಹಾಗೆ ಎತ್ತು ಮಾರಾಯ, ಸಾಕು.”

ಆಗ ಅಪೊಲೊನಿಯಾ ಕಾರಿನ ಗಾಜನ್ನು ಪೂರ್ತಿ ಇಳಿಸಿದರು. ಎದುರಿನ ಸಾಲಿನವರು ಅತ್ತ ತಿರುಗಿದರು. ಐದನೇ ಸೆಟ್ಟಿನ ಮೇಲೆ ಅವರಿಗಿರುವ ಆಸೆ ಎಲ್ಲರಿಗೂ ಗೊತ್ತಿದ್ದ ವಿಷಯ. ಅವರು ಫ್ಲಾಯ್ಡನ ಕಡೆ ಎಂದೇ ಹೆಚ್ಚಿನವರು ತಿಳಿದಿದ್ದರು.

“ಕಾದದ್ದರಲ್ಲಿ ನಾನು ನಿನಗಿಂತ ಕಡಿಮೆ ಅಲ್ಲ ಫ್ಲಾಯ್ಡ್,” ಎಂದರು. “ನನಗೆ ಡಿಸೆಂಬರಿಗೆ ವಿಮಾನ. ನೀನು ಮುಂದಿನ ವರ್ಷ ನೋಡ್ತಿ, ನನಗೆ ಮುಂದಿನ ವರ್ಷ ಇಲ್ಲ. ನಾನು ಈ ಹುಡುಗನಿಗೆ ಫೋನ್ ಮಾಡಿ ಬೈದೆ. ಬೈದದ್ದು ಎಂತಕ್ಕೆ? ನನಗೆ ನೋಡ್ಬೇಕು ಅಂತ. ಅವನ ಕೋಣೆಯಲ್ಲಿ ಎಂಟು ಜನ. ಆಟ ಅವನದ್ದು, ಅಪಾಯ ಎಂಟು ಜನರದ್ದು, ಚಪ್ಪಾಳೆ ನಮ್ಮದು. ಇದು ಯಾವ ಲೆಕ್ಕ? ಬೀದಿಗೆ ಇಳಿಯುವವರು ಸುಮ್ಮನೆ ಇಳಿಯುವುದಿಲ್ಲ. ಮೊದಲು ಮನೆಯಲ್ಲಿ ಹೇಳಿರ್ತಾರೆ, ಯಾರೂ ಕಿವಿ ಕೊಟ್ಟಿರುವುದಿಲ್ಲ. ಇವರು ಈಗ ಮನೆಯಲ್ಲೇ ಹೇಳ್ತಾ ಇದ್ದಾರೆ. ನಾನು ಒಳಗೆ ಬರುವುದಿಲ್ಲ. ಅವರು ಆಡ್ಲಿ.”

“ಬಾಯಿ, ನೀವೇ ಹೀಗೆ ಹೇಳಿದ್ರೆ?” ಎಂದು ಫ್ಲಾಯ್ಡ್ ಹಣೆಗೆ ಕೈಹಚ್ಚಿದ.

“ನಾನೇ ಹೇಳ್ಬೇಕು ಮತ್ತೆ. ನಿನ್ನ ಗಂಟಲು ಯಾರಿಗೆ ಕೇಳಿಸ್ತದೆ?”

ನೆಲ್ಸನ್ ಗಾಜಿನಿಂದ ಕೈ ಹೊರಗೆ ಹಾಕಿ ಮತಕ್ಕೆ ಕರೆದ. ಷರತ್ತು ಒಪ್ಪುವವರು ಒಂದು ಹಾರ್ನ್, ಒಪ್ಪದವರು ಎರಡು. ಇಂಥ ತಪ್ಪನ್ನು ಆ ಗುಂಪು ಮಾತ್ರ ಮಾಡಬಲ್ಲದು. ಇಷ್ಟು ವಾರ ಒಬ್ಬೊಬ್ಬರ ಮಾತಿಗೆ ಅಲ್ಲೊಂದು ಇಲ್ಲೊಂದು ಹೊಡೆದಿದ್ದ ಹಾರ್ನನ್ನು ಈಗ ಎಲ್ಲರೂ ಒಟ್ಟಿಗೆ ಹೊಡೆದರು. ಒಂದು ಹೊಡೆದವರಿಗೆ ತಮ್ಮದು ಕೇಳಿಸಲಿಲ್ಲ ಎನಿಸಿ ಇನ್ನೊಂದು ಹೊಡೆದರು. ಎರಡು ಹೊಡೆದವರು ಮೂರನೆಯದಕ್ಕೂ ಹಿಂಜರಿಯಲಿಲ್ಲ. ಸುತ್ತಲಿನ ಕಟ್ಟಡಗಳ ಬಾಲ್ಕನಿಗಳಲ್ಲಿ ಜನ ಬಂದು ನಿಂತರು. ಯಾವ ಕಡೆಗೆ ಎಷ್ಟು ಎಂದು ನೆಲ್ಸನ್ ಬೆರಳು ಮಡಚುತ್ತಿರುವಾಗಲೇ ಪಾರ್ಕಿಂಗಿನ ತುದಿಯಲ್ಲಿ ಪೊಲೀಸ್ ಕಾರು ಬಂದು ನಿಂತಿತು. ಹಾರ್ನ್ ಒಂದೇ ಸಲಕ್ಕೆ ಕಡಿದುಹೋಯಿತು.

ಬೀದಿ ಪ್ರತಿಭಟನೆಯ ಬಗ್ಗೆ ತಿಂಗಳುಗಟ್ಟಲೆ ವಾದಿಸಿದವರಲ್ಲಿ ಒಬ್ಬರಿಗೂ ತಾವೇ ಒಂದು ಪ್ರತಿಭಟನೆಯ ಹಾಗೆ ಕಾಣಬಹುದೆಂದು ಹೊಳೆದಿರಲಿಲ್ಲ. ನೆಲ್ಸನ್‌ನ ಮುಖ ಮಾಸ್ಕಿನ ಮೇಲಿನಿಂದಲೇ ಬಿಳಿಚಿಕೊಂಡದ್ದು ಕಾಣುತ್ತಿತ್ತು. ಇಳಿದು ಬಂದ ಯುವ ಅಧಿಕಾರಿ ಎರಡೂ ಸಾಲುಗಳನ್ನು ನೋಡಿ, ಹಿಂದಿಯಲ್ಲಿ, “ಯೇ ಕ್ಯಾ ಹೈ? ಶಾದಿ?” ಎಂದು ಕೇಳಿದ. ಇಷ್ಟು ಹಾರ್ನ್ ಮದುವೆಯ ಮೆರವಣಿಗೆಯಲ್ಲಿ ಮಾತ್ರ ಕೇಳಿಬರುವುದು.

“ನೋ ಸರ್. ವಾಲಿಬಾಲ್, ಸರ್,” ಎಂದ ನೆಲ್ಸನ್.

ಅಧಿಕಾರಿ ಖಾಲಿ ಮಣ್ಣನ್ನು ನೋಡಿದ. “ಬಾಲ್ ಕಿಧರ್?”

ಹಿಂದಿನ ಯಾವುದೋ ಕಾರಿನಲ್ಲಿ ಒಬ್ಬರು ನಗು ತಡೆಯಲಾರದೆ ಕೆಮ್ಮಿದರು. ಆ ವರ್ಷ ಕೆಮ್ಮು ನಗುವಿಗಿಂತ ಅಪಾಯದ್ದಾಗಿತ್ತು. ಸ್ಟೇಸಿ ಶಾಲೆಯಲ್ಲಿ ಕಲಿತ ಅರಬ್ಬಿಯಲ್ಲಿ ವಿಷಯ ಹೇಳಿದಳು. ನಿಂತುಹೋದ ಫೈನಲ್, ಆಟಗಾರರ ಮಾತು, ದೊಡ್ಡಮ್ಮನ ವಿಮಾನ, ಎಲ್ಲವನ್ನೂ. ಅಧಿಕಾರಿ ಸಮಾಧಾನದಿಂದ ಕೇಳಿದ. ಪ್ರತಿ ಕಾರಿನ ಹತ್ತಿರ ಹೋಗಿ ಒಳಗೆ ಮೂವರಿಗಿಂತ ಹೆಚ್ಚಿಲ್ಲವೆಂದು, ಮಾಸ್ಕ್ ಇದೆಯೆಂದು ನೋಡಿದ. ಅಪೊಲೊನಿಯಾ ಅವರ ಹತ್ತಿರ ಬಂದಾಗ ಅವರು ಎದೆಗೆ ಕೈಯಿಟ್ಟು, “ಹಾರ್ನ್ ಮಾಫಿ ಸರ್, ಮಾಫಿ” ಎಂದರು. ಅರಬ್ಬಿಯಲ್ಲಿ ಮಾಫಿ ಎಂದರೆ ಇಲ್ಲ; ಇನ್ನು ಹಾರ್ನ್ ಇಲ್ಲ ಎಂಬುದನ್ನು ಅಷ್ಟರಲ್ಲೇ ಹೇಳಿದ್ದರು. ಅವನ ಕಣ್ಣಲ್ಲಿ ನಗು ಕಾಣಿಸಿತು. ಹಾರ್ನ್ ಬೇಡ, ಬೇಗ ಮುಗಿಸಿ ಮನೆಗೆ ಹೋಗಿ ಎಂದು ಹೇಳಿ, ಹೊರಡಿ ಎನ್ನುವ ಹಾಗೆ “ಯಲ್ಲಾ” ಎಂದು ಕೈ ಬೀಸಿ ಹೋದ.

ಮತ ಮಾತ್ರ ಎಣಿಕೆಯಾಗಿರಲಿಲ್ಲ. ಕತ್ತಲಾಗುತ್ತಿತ್ತು.

“ಮುಂದಿನ ವಾರ ನೋಡುವ,” ಎಂದ ನೆಲ್ಸನ್.

“ಮುಂದಿನ ವಾರ ಅಂತ ಹೇಳಿ ಏಳು ತಿಂಗಳು ಆಯ್ತು ನೆಲ್ಸನ್,” ಎಂದರು ಅಪೊಲೊನಿಯಾ. “ಅವರು ಹಾರ್ನ್ ಬೇಡ ಅಂದದ್ದು. ಲೈಟ್ ಬೇಡ ಅನ್ಲಿಲ್ಲ. ಒಪ್ಪಿದವರು ಲೈಟ್ ಹಾಕಿ.”

ಸ್ಟೇಸಿಯ ಕಾರಿನ ದೀಪ ಮೊದಲು ಹೊತ್ತಿತು. ಸ್ವಲ್ಪ ಹೊತ್ತು ಅದೊಂದೇ ಎದುರಿನ ಸಾಲಿನ ಮೇಲೆ ಬಿದ್ದಿತ್ತು. ಆಮೇಲೆ ಪಕ್ಕದ್ದು, ಅದರಾಚೆಯದ್ದು. ಬಂದರ್ ಬಾಯ್ಸ್ ಸಾಲಿನಲ್ಲಿ ಒಂದು ಹಳೆಯ ಕಾರು ಮಿಣುಕಿ ಹೊತ್ತಿತು, ಅದರ ಹಿಂದೆ ಉಳಿದವು. ನಡುವಿನ ಮಣ್ಣು ಬೆಳ್ಳಗಾಯಿತು. ಕೊನೆಗೆ ಕತ್ತಲೆಯಲ್ಲಿ ಉಳಿದದ್ದು ಕೆಲವೇ ವಾಹನಗಳು, ಅವುಗಳಲ್ಲಿ ಫ್ಲಾಯ್ಡನ ಪಿಕಪ್ ಒಂದು. ಅವನು ದೀಪ ಹಾಕಲಿಲ್ಲ.

ಆದರೆ ಕಾರುಗಳು ಹೊರಡುವಾಗ ಪಿಕಪ್ಪನ್ನು ಹೊನ್ನಪ್ಪ ಕುಳಿತಿದ್ದ ಕಾರಿನ ಪಕ್ಕಕ್ಕೆ ತಂದು ನಿಲ್ಲಿಸಿದ. “ಕೋಣೆ ಬೇಕು ಅಂದಿಯಲ್ಲ,” ಎಂದ. “ಹೆಂಡ್ತಿ ಮಕ್ಕಳು ಜೂನ್‌ನಲ್ಲಿ ಊರಿಗೆ ಹೋದ ಮೇಲೆ ನನ್ನ ಫ್ಲ್ಯಾಟಿನಲ್ಲಿ ಒಂದು ಕೋಣೆ ಖಾಲಿ ಉಂಟು. ಬಾಗಿಲು ಉಂಟು. ಚಿಲಕ ಸ್ವಲ್ಪ ಬಿಗಿ.” ಉತ್ತರಕ್ಕೆ ಕಾಯದೆ ಹೊರಟುಹೋದ. ಶುಕ್ರವಾರದ ಆಟ ಅವನಿಗೆ ಯಾಕೆ ಅಷ್ಟು ಬೇಕಾಗಿತ್ತು ಎಂಬುದು ಆ ಮಾತನ್ನು ಕೇಳಿಸಿಕೊಂಡ ಅಪೊಲೊನಿಯಾ ಅವರಿಗೆ ಆಗ ಅರ್ಥವಾಯಿತು. ಮರುವಾರದಿಂದ ಅವರು ಮಾಡುವ ಶುಕ್ರವಾರದ ಊಟದಲ್ಲಿ ಒಂದು ಡಬ್ಬಿ ಫ್ಲಾಯ್ಡನ ಮನೆಗೂ ಹೋಗತೊಡಗಿತು.

ನವೆಂಬರ್ ಕೊನೆಯ ಶುಕ್ರವಾರ ಸಂಜೆ ಐದನೇ ಸೆಟ್ ನಡೆಯಿತು. ಒಳಗೆ ಎರಡು ತಂಡ, ಮುಹಿಯುದ್ದೀನ್, ನೆಲ್ಸನ್. ಎಲ್ಲರಿಗೂ ಪರೀಕ್ಷೆಯಾಗಿತ್ತು. ಬಂದರ್ ಬಾಯ್ಸ್‌ನ ಆಲ್ವಿನ್ ಬರಲಾರೆ ಎಂದಿದ್ದ. ಮನೆಯಲ್ಲಿ ಹೆಂಡತಿ ಬಸುರಿ. ಅವನ ಜಾಗ ಅವನದಾಗಿಯೇ ಉಳಿಯಿತು. ಜರ್ಸಿಗಳ ಚೀಲವನ್ನು ಅಪೊಲೊನಿಯಾ ಗೇಟಿನ ಹೊರಗೆ ಇಟ್ಟು ಹಿಂದೆ ಸರಿದರು. ಹೊನ್ನಪ್ಪ ಬಂದು ಎತ್ತಿಕೊಂಡು ಹೋದ.

ಶಾಲೆಯ ಗೋಡೆ ಎತ್ತರದ್ದು. ಕಾರಿನಲ್ಲಿ ಕುಳಿತವರಿಗೆ ಕಾಣುತ್ತಿದ್ದದ್ದು ಆ ಗೋಡೆಯ ಬಣ್ಣ ಮಾತ್ರ. ಪಿಕಪ್‌ನ ಎತ್ತರದ ಸೀಟಿನಲ್ಲಿ ಕುಳಿತರೆ ಗೇಟಿನ ಸರಳುಗಳ ಮೇಲಿನಿಂದ ಬಲೆಯ ಅರ್ಧ ಕಾಣುತ್ತದೆ ಎಂದು ಫ್ಲಾಯ್ಡ್ ಮೊದಲೇ ಬಂದು ನೋಡಿಕೊಂಡಿದ್ದ. ಅವನೇ ಒಂದು ಏರ್ಪಾಡು ಮಾಡಿದ. ತನ್ನ ತಂಡಕ್ಕೆ ಪಾಯಿಂಟ್ ಬಂದರೆ ದೀಪ ಒಂದು ಸಲ, ಕೋಸ್ಟಲ್ ಫ್ರೆಂಡ್ಸ್‌ಗೆ ಬಂದರೆ ಎರಡು ಸಲ.

“ಕಳ್ಳ ಲೈಟ್ ಹಾಕ್ಬೇಡ ಮಾರಾಯ,” ಎಂದರು ಅಪೊಲೊನಿಯಾ.

“ಬಾಯಿ, ನಾನು ಬೋರ್ಡ್ ಬರೆಯುವವ. ತಪ್ಪು ಬರೆದ್ರೆ ನನ್ನ ಅಂಗಡಿಗೇ ವಾಪಸ್ ತರ್ತಾರೆ.”

ಸೀಟಿ ಕೇಳಿಸಿತು. ಅಪೊಲೊನಿಯಾ ಗಾಜು ಇಳಿಸಿ, ಕಣ್ಣು ಮುಚ್ಚಿ ಕುಳಿತರು. ಸರ್ವೀಸಿನ ಏಟು, ಮುಂಗೈಗೆ ಬಿದ್ದ ಚೆಂಡಿನ ಸದ್ದು, ಆಮೇಲೆ ಏನೂ ಇಲ್ಲ, ಆಮೇಲೆ ಸ್ಮ್ಯಾಷ್. ಆ ಏನೂ ಇಲ್ಲದ ಜಾಗದಲ್ಲಿ ಹೊನ್ನಪ್ಪ ಇದ್ದ. ದೀಪ ಎರಡು ಸಲ ಹೊಳೆಯಿತು. ಫ್ಲಾಯ್ಡ್ ಒಂದು ಪಾಯಿಂಟನ್ನೂ ತಪ್ಪಿಸಲಿಲ್ಲ. ತನ್ನವರು ಸತತ ನಾಲ್ಕು ಕಳೆದುಕೊಂಡಾಗಲೂ ಎರಡೆರಡು ಸಲ ದೀಪ ಹಾಕುತ್ತಲೇ ಹೋದ. ಒಂದು ತಂಡಕ್ಕೆ ಎಂಟು ಪಾಯಿಂಟಾದಾಗ ಒಳಗೆ ತಂಡಗಳು ಅಂಗಳದ ಬದಿ ಬದಲಿಸಿದ ಹೆಜ್ಜೆಸದ್ದು ಬಂತು. ಹನ್ನೊಂದು ಹನ್ನೊಂದು. ಅಪೊಲೊನಿಯಾ ಅವರ ಬಾಯಿ ಎರಡು ಸಲ ತೆರೆದುಕೊಂಡಿತು. ಕೂಗಿದರೆ ಗೋಡೆಯಾಚೆಗೆ ಕೇಳಿಸುತ್ತಿತ್ತು. ಆದರೆ ತಾವು ಕೂಗಿದರೆ ಉಳಿದ ಕಾರುಗಳೂ ಕೂಗುತ್ತವೆ, ಗೇಟಿನ ಹತ್ತಿರ ಜನ ಇಳಿಯುತ್ತಾರೆ. ಅವರು ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದು ಕುಳಿತರು.

ಕೋಸ್ಟಲ್ ಫ್ರೆಂಡ್ಸ್ ಹದಿಮೂರು, ಬಂದರ್ ಬಾಯ್ಸ್ ಹದಿನಾಲ್ಕು. ಉದ್ದವಾದ ಆಟ. ಚೆಂಡು ಆಚೆ ಈಚೆ ಹೋದ ಸದ್ದು ನಿಲ್ಲಲೇ ಇಲ್ಲ. ಕೊನೆಗೆ ಸ್ಮ್ಯಾಷ್, ಬಲೆಗೆ ಬಡಿದ ಮಂದ ಸದ್ದು, ಸೀಟಿ. ಪಿಕಪ್‌ನ ದೀಪ ತಕ್ಷಣ ಹೊತ್ತಲಿಲ್ಲ. ಫ್ಲಾಯ್ಡ್ ಒಮ್ಮೆ ಅಪೊಲೊನಿಯಾ ಅವರ ಕಾರಿನತ್ತ ನೋಡಿದ. ಆಮೇಲೆ ಒಂದೇ ಸಲ ದೀಪ ಹಾಕಿದ.

ಅಪೊಲೊನಿಯಾ ಸ್ಟೇಸಿಯ ಭುಜ ತಟ್ಟಿದರು. “ಲೈಟ್ ಹಾಕು. ಗೆದ್ದವರಿಗೆ.” ಕೋಸ್ಟಲ್ ಫ್ರೆಂಡ್ಸ್‌ನ ಸಾಲು ಪೂರ್ತಿ ಹೊತ್ತಿಕೊಂಡಿತು.

ಹೊನ್ನಪ್ಪ ಬೆವರ ಮೇಲೆಯೇ ಮಾಸ್ಕ್ ಹಾಕಿಕೊಂಡು ಗೇಟಿನಿಂದ ಹೊರಬಂದ. ಕಾರಿನಿಂದ ದೂರದಲ್ಲೇ ನಿಂತ. ಕೈಯಲ್ಲಿ ಮುಹಿಯುದ್ದೀನ್ ಕೊಟ್ಟ ಚೆಂಡಿತ್ತು.

“ಸೋತ್ವಿ ಅಕ್ಕಾರ.”

“ಕೇಳಿಸಿತು. ಕೊನೆಯ ಚೆಂಡು ನೀನು ಚಂದ ಎತ್ತಿದ್ದಿ. ಹೊಡೆದವನ ತಪ್ಪು ಅದು.”

“ನಿಮಗ ಹೆಂಗ ಗೊತ್ತಾತ್ರಿ?”

“ಸದ್ದು ಬರ್ಲಿಲ್ಲ.”

ಹೊನ್ನಪ್ಪ ಚೆಂಡನ್ನು ಕೈಯಿಂದ ಕೈಗೆ ಹಾಕಿದ. “ಒಳಗ ಭಾಳ ಬಿಕೋ ಅಂತಿತ್ರಿ. ನಿಮ್ಮ ದನಿ ಬರತೈತೇನೋ ಅಂತ ಹನ್ನೊಂದರಾಗ ಕಾದೆ.”

ಅಪೊಲೊನಿಯಾ ಸುತ್ತ ನೋಡಿದರು. ಯಾರೂ ಕಾರಿನಿಂದ ಇಳಿದಿರಲಿಲ್ಲ. ಆಟ ಮುಗಿದಿತ್ತು. ಅವರು ಸೀಟ್ ಬೆಲ್ಟ್ ಬಿಚ್ಚಿದರು, ಕಿಟಕಿಯ ಕಡೆ ತಿರುಗಿ ಉಸಿರೆಳೆದುಕೊಂಡರು.

“ಎತ್ತು ಹೊನ್ನಪ್ಪಾ!”

ಮಾಸ್ಕಿನ ಒಳಗಿನಿಂದ ಬಂದರೂ ಆ ದನಿ ಶಾಲೆಯ ಗೋಡೆಗೆ ಬಡಿದು ವಾಪಸು ಬಂತು. ಹೊನ್ನಪ್ಪನ ಕೈಗಳು ತಾವಾಗಿಯೇ ಮೇಲಕ್ಕೆ ಹೋದವು. ಕಾರುಗಳ ದೀಪದ ಬೆಳಕಿನಲ್ಲಿ ಚೆಂಡು ಎದ್ದು, ಸ್ವಲ್ಪ ಹೊತ್ತು ನಿಂತು, ಮತ್ತೆ ಅವನ ಬೆರಳಿಗೆ ಇಳಿಯಿತು. ಸದ್ದಾಗಲಿಲ್ಲ.

“ಬಾಯಿ,” ಎಂದು ಪಿಕಪ್‌ನಿಂದ ಫ್ಲಾಯ್ಡ್ ಕೂಗಿದ, “ಇದಕ್ಕಿಂತ ಹಾರ್ನೇ ಮೆಲ್ಲ ಇತ್ತು ಮಾರಾಯ್ತಿ!”